ಎಡಗಡೆಯ ಎಸಳು

ಹೊನ್ನಿಕೊಪ್ಪದ ಕಲ್ಮೇಶ್ವರ ಮಾತಾಡುವ ದೇವರು. ಬಾಯಿಂದಲ್ಲ, ಹೂವಿನಿಂದ. ಹಳಿಯಾಳ ಸೀಮೆಯವರು ಇದಕ್ಕೆ ಹೂ ಕೇಳುವುದು ಎನ್ನುತ್ತಾರೆ, ಜೊಯಿಡಾ ಕಡೆಯ ಕೊಂಕಣಿ ಮಂದಿ ಕೌಲು ಎನ್ನುತ್ತಾರೆ. ಸೋಮವಾರ ಬೆಳಿಗ್ಗೆ ಪೂಜಾರಿ ಲಿಂಗದ ಮೈ ತೊಳೆದು, ಕೆಂಪು ಕಣಗಿಲೆಯ ಎರಡು ಎಸಳುಗಳನ್ನು ನೀರಿನಲ್ಲಿ ಅದ್ದಿ ಒಂದನ್ನು ಬಲಕ್ಕೆ, ಒಂದನ್ನು ಎಡಕ್ಕೆ ಅಂಟಿಸುತ್ತಾನೆ. ಕೇಳಲು ಬಂದವರು ಎದುರಿಗೆ ಕೂತು ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳುತ್ತಾರೆ. ಬಲಗಡೆಯದು ಮೊದಲು ಉದುರಿದರೆ ದೇವರು ಹೂಂ ಅಂದ. ಎಡಗಡೆಯದಾದರೆ ಬೇಡ ಅಂದ. ಮಗಳನ್ನು ಯಾವ ಊರಿಗೆ ಕೊಡಬೇಕು, ಬಾವಿ ಎಲ್ಲಿ ತೋಡಬೇಕು, ಕೆಮ್ಮುವ ಎತ್ತನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ, ಎಲ್ಲವೂ ಆ ಎರಡು ಎಸಳುಗಳ ಮೇಲೆ ನಿಂತಿತ್ತು.

ಪೂಜಾರಿ ಅಡಿವೆಯ್ಯ ತನ್ನ ಅಜ್ಜನಿಂದ ಈ ಕೆಲಸ ಕಲಿತಿದ್ದ. ಅಜ್ಜ ಕಲಿಸಿದ್ದು ಎರಡೇ ಮಾತು. ಕಣಗಿಲೆಯ ಎಸಳಿಗೆ ಎರಡು ಮೈ. ಹೊರಮೈ ತುಸು ಒರಟು, ಕಲ್ಲನ್ನು ಹಿಡಿಯುತ್ತದೆ. ಒಳಮೈ ನುಣುಪು, ಬೇಗ ಜಾರುತ್ತದೆ. ಎರಡನ್ನೂ ಹೊರಮೈ ಕಲ್ಲಿಗೆ ಬರುವ ಹಾಗೆಯೇ ಅಂಟಿಸಬೇಕು. ಇದು ಮೊದಲನೆಯ ಮಾತು. ಎರಡನೆಯದು: ಅಂಟಿಸುವಾಗ ನಿನಗೇನು ಬೇಕು ಅನ್ನುವುದು ನಿನ್ನ ಬೆರಳಿಗೆ ಗೊತ್ತಾಗಬಾರದು.

ಮೂವತ್ತು ವರ್ಷ ಅವನ ಬೆರಳಿಗೆ ಏನೂ ಗೊತ್ತಾಗಿರಲಿಲ್ಲ.

ಹೊಸ ಪೈಸೆ ಚಲಾವಣೆಗೆ ಬಂದು ಎರಡು ವರ್ಷವಾಗಿತ್ತು. ದಾಂಡೇಲಿಯಲ್ಲಿ ದೊಡ್ಡ ಕಾಗದದ ಕಾರ್ಖಾನೆ ಎದ್ದಿತ್ತು. ಬಿದಿರು ತುಂಬಿದ ಲಾರಿಗಳು ಹಗಲೆಲ್ಲ ಊರ ಮುಂದಿನ ದಿಬ್ಬ ಏರುತ್ತಿದ್ದವು. ಅದೇ ಬೇಸಿಗೆಯಲ್ಲಿ ಇನ್ನೊಂದು ಸುದ್ದಿಯೂ ಬಂತು. ದೇವರ ಹೆಸರಿನ ಇನಾಮು ಹೊಲಗಳನ್ನೆಲ್ಲ ಸರಕಾರ ತೆಗೆದುಕೊಳ್ಳುತ್ತದಂತೆ. ಕಲ್ಮೇಶ್ವರನ ಹೆಸರಿನಲ್ಲಿದ್ದ ಹೊಲದ ಭತ್ತವೇ ಅಡಿವೆಯ್ಯನ ಮನೆಯ ಅನ್ನ. ಊರ ಹೊಲಗಳ ಲೆಕ್ಕ ಬರೆಯುವ ತಲಾಟಿಯನ್ನು ಕೇಳಿದರೆ, "ಇನ್ನೂ ಏನೂ ತಿಳದಿಲ್ಲರಿ ಅಯ್ಯಾರ, ಮ್ಯಾಲಿಂದ ಕಾಗದ ಬರಬೇಕು" ಎಂದ. ಹೋಗುತ್ತದೆ ಎಂದಿದ್ದರೆ ಅಳಬಹುದಿತ್ತು, ಉಳಿಯುತ್ತದೆ ಎಂದಿದ್ದರೆ ನಗಬಹುದಿತ್ತು. ತಿಳಿದಿಲ್ಲ ಅನ್ನುವ ಮಾತನ್ನು ಇಟ್ಟುಕೊಂಡು ಏನು ಮಾಡುವುದೆಂದು ಅವನಿಗೆ ಗೊತ್ತಾಗಲಿಲ್ಲ. ಬೆಳಿಗ್ಗೆ ಅಭಿಷೇಕ ಮಾಡುವಾಗಲೂ ಕೈ ದೇವರ ಮೇಲೆ, ಮನಸ್ಸು ಹೊಲದ ಬದುವಿನ ಮೇಲೆ.

ಆಗಲೇ ಒಂದು ದಿನ ಮಜೀದ ಬಂದ. ಅವನು ಕಾರ್ಖಾನೆಯ ಲಾರಿಗಳನ್ನು ರಿಪೇರಿ ಮಾಡುವ ಮೇಸ್ತ್ರಿ, ದಾಂಡೇಲಿಯವನು. ದಿಬ್ಬದಲ್ಲಿ ಲಾರಿ ಕೆಟ್ಟಾಗಲೆಲ್ಲ ಗುಡಿಯ ಕಟ್ಟೆಯ ಮೇಲೆ ಕೂತು ನೀರು ಕುಡಿದು ಹೋಗುವುದು ಅವನ ರೂಢಿ.

"ಅಯ್ಯಾರ, ನಿಮ್ಮ ದೇವರಿಗೆ ನಮ್ಮ ಲಾರಿ ಕಂಡ್ರ ಏನ್ ಸಿಟ್ಟರಿ? ಎಲ್ಲಿ ಬಿಟ್ಟು ಇಲ್ಲೇ ಹಿಡಿದು ನಿಂದರಸ್ತಾನ."

"ನೀ ಒಮ್ಮೆಯಾದ್ರೂ ಕೈ ಮುಗದ್ರ ಬಿಟ್ಟಾನು."

"ದಿನಾ ಬಂದು ಅವನ ಕಟ್ಟಿ ಮ್ಯಾಲ ಕುಂಡ್ರತೇನಿ. ಬೀಗರು ಸೈತ ಇಷ್ಟು ಬರೂದಿಲ್ಲರಿ." ಮಜೀದ ನಕ್ಕು, ಕೈಯ ಎಣ್ಣೆಯನ್ನು ಹುಲ್ಲಿಗೆ ಒರೆಸಿದ. "ಒಂದು ಸುದ್ದಿ ಐತಿ. ನಿಮ್ಮೂರ ಸಾತಪ್ಪ ಇದ್ದಾನಲ್ಲ, ಮುದಕವ್ವನ ಮಗ? ಹ್ವಾದ ವಾರ ಅಡ್ಡಮಳಿ ಬಂದು ಲಾರಿ ಇಲ್ಲೇ ಕೆಸರಾಗ ಕುಂತಾಗ, ಯಾರೂ ಹೇಳದ, ತಾನೇ ಬಿದಿರಿನ ಗಳ ಕೊಟ್ಟು ಎಬ್ಬಿಸಿದ. ನಮ್ಮ ಸಾಹೇಬರು ಅಲ್ಲೇ ಇದ್ರು. ಹೆಸರು ಬರಕೊಂಡ್ರು. ಖಾಯಂ ಕೆಲಸ. ಸೋಮವಾರ ಬಂದು ಹೇಳಬೇಕು."

"ಅವ ಒಲ್ಲೆ ಅಂದ್ರ?" ಎಂದು ಅಡಿವೆಯ್ಯ ಕೇಳಿದ. ಯಾಕೆ ಕೇಳಿದನೆಂದು ಅವನಿಗೂ ಆಗ ತಿಳಿಯಲಿಲ್ಲ.

"ಒಲ್ಲೆ ಅಂತಾನೇನ್ರಿ ಯಾರರ? ಅಂದ್ರ ಅಂದ, ಈ ಊರಿಂದನೇ ಇನ್ನೊಬ್ಬನ್ನ ಕರಕೊಂಡು ಹೋಗ್ತೇನಿ. ನಿಮ್ಮ ಮಗ ಬಸಲಿಂಗಯ್ಯ ಮುಲ್ಕಿ ಪರೀಕ್ಷಾ ಪಾಸಾಗ್ಯಾನಲ್ಲ."

ಲಾರಿ ಹೊರಟುಹೋಯಿತು. ಆ ಮಾತು ಕಟ್ಟೆಯ ಮೇಲೆಯೇ ಉಳಿಯಿತು.

ಮುದಕವ್ವ ಸೋಮವಾರ ಬೆಳಿಗ್ಗೆ ಮಗನನ್ನು ಕರೆದುಕೊಂಡು ಬಂದಳು. ಗಂಡ ಸತ್ತ ಮೇಲೆ ಪಾಲಿಗೆ ಉಳುಮೆ ಮಾಡಿ ಮಗನನ್ನು ದೊಡ್ಡವನನ್ನಾಗಿ ಮಾಡಿದವಳು. ಒಂದು ಸೇರು ಅಕ್ಕಿ, ಒಂದು ತೆಂಗಿನಕಾಯಿ ತಂದಿದ್ದಳು. ಸಾತಪ್ಪ ತೊಳೆದ ಅಂಗಿ ಹಾಕಿಕೊಂಡಿದ್ದ. ದಾಂಡೇಲಿಗೆ ಹೋಗಲು ತಯಾರಾಗಿಯೇ ಬಂದವನಂತೆ ಅವನ ಕಂಕುಳಲ್ಲಿ ಒಂದು ಗಂಟು ಕೂಡ ಇತ್ತು.

"ಹೂ ಕೇಳಬೇಕರಿ ಅಯ್ಯಾರ," ಎಂದಳು. "ಒಬ್ಬನೇ ಮಗ. ಅಲ್ಲಿ ಮಿಶಿನ್ನು, ಬೆಂಕಿ. ಇಲ್ಲಿ ನೋಡಿದ್ರ ಬರೇ ನೇಗಿಲ. ನನಗ ತಿಳಿವಲ್ದು. ಅವ ಹೇಳಿದಂಗ."

"ಇನ್ನೇನು ಹೇಳ್ತಾನವ್ವ," ಎಂದು ಸಾತಪ್ಪ ನಕ್ಕ. "ಲಾರಿ ಅವನ ಗುಡಿ ಮುಂದೇ ಹುಗಿದಿದ್ದು. ಹೂಂ ಅಂದಂಗೇ ಅಲ್ಲ?"

"ಬಾಯಿ ಮುಚ್ಚಿ ಕುಂಡ್ರು."

ಅಡಿವೆಯ್ಯ ಲಿಂಗ ತೊಳೆದ. ಕಣಗಿಲೆ ಬಿಡಿಸಿದ. ಬಲಗಡೆಯ ಎಸಳನ್ನು ಹೊರಮೈ ಕಲ್ಲಿಗೆ ತಾಗುವಂತೆ ಹಚ್ಚಿ ಹೆಬ್ಬೆರಳಿನಿಂದ ಒತ್ತಿದ. ಎಡಗಡೆಯದನ್ನು ಕೈಗೆ ತೆಗೆದುಕೊಂಡಾಗ, ಅದು ಬೆರಳುಗಳ ನಡುವೆ ಹೊರಳಿತು. ತಾನಾಗಿ ಹೊರಳಿತು ಎಂದು ಅವನು ಮುಂದೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಳ್ಳಲು ನೋಡಿದ. ಹೇಳಿಕೊಳ್ಳಲಾಗಲಿಲ್ಲ. ಅದು ಹೊರಳಿದ್ದು ಗೊತ್ತಿತ್ತು, ಮತ್ತೆ ಸರಿ ಮಾಡಲು ಒಂದು ಉಸಿರಿನಷ್ಟು ಹೊತ್ತೂ ಇತ್ತು. ನುಣುಪಾದ ಒಳಮೈಯನ್ನೇ ಕಲ್ಲಿಗೆ ತಾಗಿಸಿ, ಒತ್ತದೆ, ಕೈ ಬಿಟ್ಟ.

ಮುದಕವ್ವ ಕಣ್ಣು ಮುಚ್ಚಿ ಕೇಳಿದಳು. ಅವಳ ಮಾತು ಮುಗಿಯುವ ಮುಂಚೆಯೇ ಎಡಗಡೆಯ ಎಸಳು ಜಾರಿ ಪಾಣಿಪೀಠದ ನೀರಿನಲ್ಲಿ ಬಿತ್ತು.

ಸಾತಪ್ಪನ ನಗೆ ಮುಖದ ಮೇಲೆ ಹಾಗೆಯೇ ನಿಂತಿತು, ತೆಗೆಯುವುದು ಮರೆತುಹೋದಂತೆ. ಮುದಕವ್ವ ಕಣ್ಣು ಬಿಟ್ಟು ಬಹಳ ಹೊತ್ತು ಆ ಎಸಳನ್ನೇ ನೋಡಿದಳು.

"ಇಷ್ಟು ಲಗೂನ ಹೇಳಿದೆಲ್ಲಪಾ," ಎಂದಳು ದೇವರಿಗೆ. "ಆತು. ನೀ ಬ್ಯಾಡಂದ್ರ ಬ್ಯಾಡ."

ಅವಳು ಎದ್ದು, ಅಡಿವೆಯ್ಯನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಅವನು ಆಶೀರ್ವಾದ ಮಾಡಲು ಕೈ ಎತ್ತಿದ. ಆ ಕೈ ಅವಳ ತಲೆಯ ಹತ್ತಿರ ಹೋಗಿ, ತಲೆಯನ್ನು ಮುಟ್ಟದೆ ಹಿಂದೆ ಬಂತು.

ಬುಧವಾರ ಬಸಲಿಂಗಯ್ಯ ದಾಂಡೇಲಿಗೆ ಹೋದ. ಅಡಿವೆಯ್ಯನ ಹೆಂಡತಿ ಮಹಾದೇವಕ್ಕ ಮಗನ ಹಣೆಗೆ ವಿಭೂತಿ ಹಚ್ಚುತ್ತ, "ದೇವರು ನಮ್ಮ ಕಡೆ ನೋಡಿದ ನೋಡ್ರಿ. ಹೊಲ ಹೋದ್ರ ಹೆಂಗಂತ ನೀವು ಅನ್ನ ಬಿಟ್ಟಿದ್ರಿ" ಎಂದಳು. ಅಡಿವೆಯ್ಯ ಹೂಂ ಎಂದ. ಸಂಜೆ ಅವಳು ಬಡಿಸಿದ ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದ. ಸೆಕೆ ಎಂದ.

ಅವನು ಶಿಕ್ಷೆಗೆ ಕಾದ. ಪೂಜಾರಿಯಾದವನಿಗೆ ಅದು ಗೊತ್ತಿರುವ ದಾರಿ. ಮೈಯಲ್ಲಿ ಹುಣ್ಣು ಏಳಬಹುದು, ಹಾವು ಕಡಿಯಬಹುದು, ಮಗನಿಗೆ ಏನಾದರೂ ಆಗಬಹುದು. ಏನೂ ಆಗಲಿಲ್ಲ. ಆ ವರ್ಷ ಮಳೆ ಹದವಾಗಿ ಬಂತು. ಬಸಲಿಂಗಯ್ಯನಿಗೆ ಕೆಲಸ ಹಿಡಿಸಿತು, ತನ್ನ ಹೆಂಡತಿಯನ್ನು ಕರೆದುಕೊಂಡು ಹೋಗಿ ದಾಂಡೇಲಿ ಹತ್ತಿರದ ಕೋಗಿಲಬನದಲ್ಲಿ ಬಾಡಿಗೆಗೆ ಮನೆ ಮಾಡಿದ. ಮರುವರ್ಷ ತಲಾಟಿ ತಾನಾಗಿಯೇ ಮನೆಗೆ ಬಂದು ಹೇಳಿದ: ಮೇಲಿನಿಂದ ಕಾಗದ ಬಂದಿದೆ, ಕಲ್ಮೇಶ್ವರನ ಹೊಲ ಪೂಜಾರಿಯ ಕೈಯಲ್ಲೇ ಉಳಿಯುತ್ತದೆ.

ಮಹಾದೇವಕ್ಕ ಬೆಲ್ಲ ಹಂಚಿದಳು. ಅಡಿವೆಯ್ಯ ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಹೊಲ ಹೋಗಿದ್ದರೆ, ಅಂಜಿದ್ದಕ್ಕೆ ಒಂದು ಕಾರಣವಾದರೂ ಇರುತ್ತಿತ್ತು. ದೇವರು ಕೊಡುವುದು ಕೊಟ್ಟೇ ಕೊಟ್ಟಿದ್ದ. ಅವನು ಅದಕ್ಕೆ ಮುಂಚೆಯೇ ಇನ್ನೊಬ್ಬರ ತಾಟಿಗೆ ಕೈಹಾಕಿ ತೆಗೆದಿದ್ದ.

ಮುದಕವ್ವ ಪ್ರತಿ ಸೋಮವಾರ ದೀಪಕ್ಕೆ ಎಣ್ಣೆ ತರುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಬಾವಿಯ ಹತ್ತಿರ ಹೆಂಗಸರು, "ಅಲ್ಲವ್ವ, ಕೈಗೆ ಬಂದ ನೌಕರಿ ಬಿಟ್ಟೆಲ್ಲ" ಎಂದು ಆಡಿಕೊಂಡರೆ, "ಬಿಟ್ಟವಳು ನಾ ಅಲ್ಲ. ಅವ ಬ್ಯಾಡಂದ. ಬ್ಯಾಡಂದಾನಂದ್ರ ಅದರಾಗ ಏನೋ ಐತಿ, ನಮಗ ಕಾಣವಲ್ದು ಅಷ್ಟೇ" ಎನ್ನುತ್ತಿದ್ದಳು. ಈ ಮಾತು ಸುತ್ತಿ ಬಳಸಿ ಅಡಿವೆಯ್ಯನ ಕಿವಿಗೂ ಬೀಳುತ್ತಿತ್ತು. ಅದಕ್ಕಿಂತ ಅವಳು ಶಾಪ ಹಾಕಿದ್ದರೆ ಲೇಸಿತ್ತು.

ಸಾತಪ್ಪ ಹೊಲದಲ್ಲಿ ನಿಲ್ಲಲಿಲ್ಲ. ಬಿದಿರು ಕಡಿಯುವ ಗುಂಪಿನ ಜೊತೆ ಅಣಶಿಯ ಕಾಡಿಗೆ ಹೋದ. ಎರಡನೆಯ ಮಳೆಗಾಲದಲ್ಲಿ ಅವನನ್ನು ಚಳಿಜ್ವರದಲ್ಲಿ ಗಾಡಿಯ ಮೇಲೆ ಮಲಗಿಸಿ ತಂದರು. ಜೊಯಿಡಾದಲ್ಲಿ ಕೊಟ್ಟ ಕ್ವಿನೈನ್ ಗುಳಿಗೆ ನುಂಗಿ ನುಂಗಿ ಜೀವ ಉಳಿಯಿತು, ಒಂದು ಕಿವಿ ಹೋಯಿತು. ಗುಡಿಯ ಮುಂದೆ ಹಾಯುವಾಗ ಒಮ್ಮೆ ಅವನು ನಿಂತು, "ಏನ್ರಿ ಅಯ್ಯಾರ, ನಿಮ್ಮ ದೇವರಿಗೆ ಬಲಗೈ ಇಲ್ಲೇನ್ರಿ?" ಎಂದು ಕೇಳಿದ. ಕಟ್ಟೆಯ ಮೇಲಿದ್ದವರು ನಕ್ಕರು. ಅಡಿವೆಯ್ಯ ತಲೆ ಬಗ್ಗಿಸಿ ಗಂಧ ತೇಯುತ್ತಲೇ ಇದ್ದ. ಗಂಧ ಸಾಕಷ್ಟಾಗಿತ್ತು, ಆದರೂ ತೇಯ್ದ.

ಅವನು ಹೂ ಹಚ್ಚುವುದನ್ನೇ ಬಿಟ್ಟ. ಕೈ ನಡುಗುತ್ತದೆ ಎಂದು ಹೇಳಿ, ಬಂದವರನ್ನು ಬೇರೆ ಊರಿನ ಗುಡಿಗಳಿಗೆ ಕಳಿಸಿದ. ಜನ ಅದಕ್ಕೂ ಬೇರೆ ಅರ್ಥ ಕಟ್ಟಿದರು: ಅಡಿವೆಯ್ಯನವರು ಈಗ ದೊಡ್ಡ ಅನುಷ್ಠಾನದಲ್ಲಿದ್ದಾರೆ, ಹೂ ಗೀ ಮುಟ್ಟುವುದಿಲ್ಲ. ದಾರಿಯಲ್ಲಿ ಕಾಲಿಗೆ ಬೀಳುವವರು ಹೆಚ್ಚಾದರು. ಅವನು ಹಿಂದಿನ ಓಣಿಯಿಂದ ಗುಡಿಗೆ ಹೋಗಲು ಶುರುಮಾಡಿದ.

ಹೀಗೆ ಮೂರು ವರ್ಷ ಕಳೆಯಿತು.

ಮಜೀದ ಮತ್ತೆ ಬಂದದ್ದು ಸುಗ್ಗಿ ಮುಗಿದ ಮೇಲೆ. ಈ ಸಲ ನೇರ ಮುದಕವ್ವನ ಮನೆಗೇ ಹೋದ. ಲಾರಿ ರಿಪೇರಿಗೆ ತಾನೇ ಸ್ವಂತ ಶೆಡ್ಡು ಹಾಕುತ್ತಿದ್ದೇನೆ, ಕೈ ಚುರುಕಿರುವವನು ಬೇಕು, ಕಿವಿ ಮಂದವಾದರೆ ಇಂಜಿನ್ನಿನ ಗದ್ದಲಕ್ಕೆ ಇನ್ನೂ ಒಳ್ಳೆಯದು ಎಂದು ನಗಿಸಿದ. ಸಾತಪ್ಪ ಅಲ್ಲೇ ಹೂಂ ಎಂದ. ಮುದಕವ್ವ ಎನ್ನಲಿಲ್ಲ.

ಮರುದಿನ ಸೋಮವಾರ. ಅಡಿವೆಯ್ಯ ಗರ್ಭಗುಡಿಯಿಂದ ಹೊರಗೆ ಬಂದಾಗ ತಾಯಿ ಮಗ ಇಬ್ಬರೂ ಬಾಗಿಲಲ್ಲಿದ್ದರು. ಅವಳ ಕೈಯಲ್ಲಿ ಒಂದು ಸೇರು ಅಕ್ಕಿ, ಒಂದು ತೆಂಗಿನಕಾಯಿ.

"ನಾ ಹೋಗೂದು ಹೋಗಾವನೇ," ಎಂದ ಸಾತಪ್ಪ, ಪೂಜಾರಿಯ ಕಡೆ ನೋಡದೆ. "ಅವ್ವನ ಸಮಾಧಾನಕ್ಕ ಬಂದೇನಿ."

"ಹೂ ಹಚ್ಚರಿ ಅಯ್ಯಾರ."

"ಮುದಕವ್ವ, ನನ್ನ ಕೈ ನಡಗತೈತಿ. ಎಲ್ಲಾರಿಗೂ ಹೇಳೇನಲ್ಲ."

"ನಡಗೂ ಕೈಲೇ ಹಚ್ಚರಿ. ಅವತ್ತ ನೀವು ಹಚ್ಚಿದ್ದಕ್ಕ ಅವ ಹೇಳ್ದ. ಇವತ್ತೂ ನೀವೇ ಹಚ್ಚರಿ. ಬ್ಯಾರೆ ಗುಡಿಗೆ ನಾ ಹೋಗೂದಿಲ್ಲ."

ಅಡಿವೆಯ್ಯ ಒಳಗೆ ಹೋದ. ಲಿಂಗ ತೊಳೆದು ಕಣಗಿಲೆಯ ಎಸಳು ಬಿಡಿಸಿದ. ಆಗ ಒಂದು ವಿಚಾರ ಬಂತು, ತಂಪಾದ ಗಾಳಿಯ ಹಾಗೆ. ಈ ಸಲ ಬಲಗಡೆಯದನ್ನು ಹೊರಳಿಸಿದರೆ ಆಯಿತು. ಬಲ ಬೀಳುತ್ತದೆ. ಸಾತಪ್ಪ ಹೋಗುತ್ತಾನೆ. ಮುದಕವ್ವ ಸಂತೋಷದಿಂದ ಕಳಿಸುತ್ತಾಳೆ. ಮಾಡಿದ್ದು ಮುಚ್ಚಿಹೋಗುತ್ತದೆ. ಯಾರಿಗೂ ನೋವಿಲ್ಲ, ಎಲ್ಲರಿಗೂ ಒಳ್ಳೆಯದು.

ಎಸಳು ಬೆರಳುಗಳ ನಡುವೆ ಹೊರಳಿತು.

ಅವನು ಅದನ್ನು ನೋಡಿದ. ಒಳ್ಳೆಯದಕ್ಕಾಗಿ ಹೊರಳಿದ ಬೆರಳು, ಅಂದು ಕೆಟ್ಟದ್ದಕ್ಕಾಗಿ ಹೊರಳಿದ ಬೆರಳೇ ಆಗಿತ್ತು. ಎದುರಿಗಿರುವ ಕಲ್ಲಿಗೆ ಒಂದು ಮಾತಾಡಲೂ ಬಿಡದೆ, ಮತ್ತೆ ತಾನೇ ಅದರ ಬಾಯಿಗೆ ಮಾತು ತುರುಕಲು ಹೊರಟಿದ್ದ. ಎರಡೂ ಎಸಳುಗಳನ್ನು ಅಂಗೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದು ಹೊಸ್ತಿಲ ಮೇಲೆ ಕೂತ. ಪೂಜಾರಿ ಹೊಸ್ತಿಲ ಮೇಲೆ ಕೂರುವುದನ್ನು ಮುದಕವ್ವ ಎಂದೂ ಕಂಡಿರಲಿಲ್ಲ.

"ಯಾಕ್ರಿ, ಮೈಯಾಗ ಆರಾಮಿಲ್ಲೇನು? ನೀರು ಕೊಡ್ಲೇನು?"

"ಮುದಕವ್ವ, ಅವತ್ತ ದೇವರು ಬ್ಯಾಡ ಅಂದಿರಲಿಲ್ಲ."

"ಏನಂತೀರಿ?"

"ಎಸಳು ತಿರುವಿ ಹಚ್ಚಿದ್ದೆ. ಎಡಗಡೀದು. ಜಾರಬೇಕಂತಲೇ ಹಚ್ಚಿದ್ದೆ." ಅಂಗೈಯ ಎಸಳುಗಳನ್ನೇ ನೋಡುತ್ತ ಮುಂದುವರಿಸಿದ. "ಸಾತಪ್ಪ ಬಿಟ್ರ ನಮ್ಮ ಬಸಲಿಂಗಗ ಆ ಕೆಲಸ ಕೊಡ್ತೇನಿ ಅಂತ ಮಜೀದ ಹೇಳಿದ್ದ."

ಗುಡಿಯ ಮಾಡಿನಲ್ಲಿ ಪಾರಿವಾಳಗಳು ಗುಟುರುಹಾಕುತ್ತಿದ್ದವು. ಸಾತಪ್ಪ ಕೇಳುವ ಕಿವಿಯನ್ನು ಇತ್ತ ತಿರುಗಿಸಿ ಮುಂದೆ ಬಂದ.

"ಏನಂದ್ರಿ? ಇನ್ನೊಮ್ಮೆ ಹೇಳ್ರಿ."

ಅಡಿವೆಯ್ಯ ಇನ್ನೊಮ್ಮೆ ಹೇಳಬೇಕಾಯಿತು, ಗಟ್ಟಿಯಾಗಿ.

ಸಾತಪ್ಪ ಅವನ ಹೆಗಲ ಮೇಲಿನ ವಸ್ತ್ರವನ್ನು ಹಿಡಿದೆಳೆದ. "ಎರಡು ಮಳಿಗಾಲ ಅಣಶಿ ಕಾಡಾಗ ಇದ್ದೆ. ಉಂಬಳ ಕಡಿಸಿಕೊಂಡೆ. ಜ್ವರದಾಗ ದೇವರನ್ನ ಬೈದೆ. ಕಲ್ಮೇಶನ್ನ ಬೈದೆ ನಾನು! ಅವನ್ನ ಬೈಸಿದವ್ರು ನೀವು!" ವಸ್ತ್ರ ಹರಿಯಿತು. "ಅಯ್ಯ ಅಂತ, ಅಯ್ಯ! ಥೂ!"

"ಸಾತಪ್ಪ, ಬಿಡು."

"ಯಾಕ ಬಿಡ್ಲವ್ವ?"

"ಬಿಡಂದ್ನೆಲ್ಲ."

ಅವನು ಬಿಟ್ಟ. ಅಡಿವೆಯ್ಯ ಬಿಡಿಸಿಕೊಳ್ಳಲು ಕೈ ಎತ್ತಿರಲಿಲ್ಲ. ಮುದಕವ್ವ ಕೈಯಲ್ಲಿದ್ದ ಅಕ್ಕಿಯನ್ನೂ ಕಾಯಿಯನ್ನೂ ಕೆಳಗಿಟ್ಟು ಅವನೆದುರು ಕೂತಳು. ಅವಳ ಮುಖದಲ್ಲಿ ಸಿಟ್ಟು ಬರುತ್ತದೆಂದು ಅವನು ಕಾದ. ಬಂದದ್ದು ಸಿಟ್ಟಲ್ಲ. ಕತ್ತಲೆಯಲ್ಲಿ ಇಟ್ಟ ವಸ್ತುವನ್ನು ಹುಡುಕುವವಳಂತೆ ಅವಳು ಅವನನ್ನೇ ನೋಡಿದಳು.

"ನಾ ನಿಮ್ಮನ್ನ ಕೇಳಿರಲಿಲ್ಲರಿ ಅಯ್ಯಾರ. ಅವನ್ನ ಕೇಳಿದ್ದೆ. ನೀವು ತಿರುವಿ ಹಚ್ಚೂದನ್ನ ಅವ ನೋಡಿಕೋತ ಕುಂತಿದ್ದ, ಸುಮ್ಮನಿದ್ದ. ಅವ ಯಾಕ ಸುಮ್ಮನಿದ್ದ ಅಂಬೂದು ಅವಂಗ ಬಿಟ್ಟದ್ದು. ಅದನ್ನ ನಾ ಅವನ ಕೂಡ ಮಾತಾಡ್ತೇನಿ. ನೀವು ಯಾಕ ಮಾಡಿದ್ರಿ, ಅಷ್ಟು ಹೇಳ್ರಿ."

"ಅಂಜಿಕಿ. ಹೊಲ ಹೋಗತೈತಂತ ಅಂಜಿದೆ. ಹೊಟ್ಟಿಗೆ ಹೆಂಗಂತ."

"ಇಲ್ಲಿ ನಿಂತು? ಇವನ ಮುಂದ ನಿಂತು ಅಂಜಿದ್ರಿ?"

ಅಡಿವೆಯ್ಯ ಗರ್ಭಗುಡಿಯ ಕಡೆ ತಿರುಗಿ ನೋಡಿದ.

"ಮೂವತ್ತು ವರ್ಸ ಇವನ ಮೈ ತೊಳದೀರಿ," ಎಂದಳು ಮುದಕವ್ವ, ಸಣ್ಣ ದನಿಯಲ್ಲಿ. "ಇಷ್ಟೂ ಗುರುತಾಗಲಿಲ್ಲೇನ್ರಿ ಇವಂದು?"

ಸಾತಪ್ಪ ಹರಿದ ವಸ್ತ್ರ ಅಡಿವೆಯ್ಯನನ್ನು ಅಷ್ಟು ಬೆತ್ತಲೆ ಮಾಡಿರಲಿಲ್ಲ. ಅವನು ಮುಖ ಮುಚ್ಚಿಕೊಂಡ. ಅಂಗೈಯಲ್ಲಿದ್ದ ಎಸಳುಗಳು ಬೆವರಿಗೆ ಕೆನ್ನೆಗೆ ಅಂಟಿದವು.

ಮುದಕವ್ವ ಎದ್ದಳು. "ಸಾತಪ್ಪ, ನಾಳಿ ನೀ ಹೋಗು."

"ಕೇಳೂದಿಲ್ಲೇನು ಹಂಗಾರ?"

"ಇಲ್ಲ. ಅವತ್ತ ಕೇಳಾಕ ಬಂದಾಕಿನೂ ಅಂಜಿನೇ ಬಂದಿದ್ದೆ. ನಂಬಿ ಬಂದೇನಿ ಅಂದ್ಕೊಂಡಿದ್ದೆ. ನಂಬಿದ್ರ ಎರಡು ಎಸಳಿನ ಕೈಯಾಗ ನಿನ್ನ ಯಾಕ ಕೊಡತಿದ್ದೆ? ಹೋಗು. ಏನಾಗತೈತೋ ಆಗಲಿ, ಅಲ್ಲೂ ಅವ ಇದ್ದಾನ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಅಯ್ಯಾರ, ಇದು ಬಸಲಿಂಗಯ್ಯಗ ಗೊತ್ತೈತೇನು?"

"ಇಲ್ಲ."

"ಹೋದ ವರ್ಸ ಬಂದಾಗ ನನ್ನ ಕಾಲಿಗೆ ಬಿದ್ದ ಅವ. ಅತ್ತಿ, ನಿಮ್ಮ ಸಾತಪ್ಪಗ ದೇವರು ಬ್ಯಾಡಂದದ್ದು ನನಗ ಕೊಟ್ಟ, ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ ಅಂತ ಅತ್ತ. ಪಾಪ, ಒಳ್ಳೆ ಹುಡುಗ."

ಅಷ್ಟು ಹೇಳಿ ಅವಳು ಹೋದಳು. ಅಕ್ಕಿ, ಕಾಯಿ ಎರಡನ್ನೂ ದೇವರ ಮುಂದೆಯೇ ಬಿಟ್ಟುಹೋಗಿದ್ದಳು.

ಮರುದಿನ ಬೆಳಿಗ್ಗೆ ದಾಂಡೇಲಿಯ ಬಸ್ಸಿನಲ್ಲಿ ಸಾತಪ್ಪ ಮುಂದಿನ ಸೀಟಿನಲ್ಲಿ, ಅಡಿವೆಯ್ಯ ಕೊನೆಯ ಸೀಟಿನಲ್ಲಿ. ಮಹಾದೇವಕ್ಕನಿಗೆ ಎಲ್ಲವನ್ನೂ ಹೇಳಿಯೇ ಬಂದಿದ್ದ. ಅವಳು ಮಗನಿಗೆಂದು ಕಟ್ಟಿದ ರೊಟ್ಟಿಯ ಗಂಟನ್ನು ಬಿಚ್ಚಿ, ಮತ್ತೆ ಕಟ್ಟಿ, ಅವನ ಕೈಗೆ ಕೊಟ್ಟಿದ್ದಳು. ದಾರಿಯುದ್ದಕ್ಕೂ ತೇಗದ ಎಲೆಗಳು ಉದುರಿ ಬಿದ್ದಿದ್ದವು.

ಕಾರ್ಖಾನೆಯ ಗೇಟಿನ ಹತ್ತಿರ ಮಜೀದ ಅವರನ್ನು ಕಂಡು ಸೈಕಲ್ ಇಳಿದ. "ಬರ್ರಿ ಬರ್ರಿ! ಅಯ್ಯಾರೂ ಬಂದ್ರಲ್ಲ! ಸಾತಪ್ಪನ್ನ ಕಳಸಾಕ ದೇವರ ಕಡಿಂದ ಮಂದಿ ಬಂದಂಗಾತು" ಎಂದ. ಯಾರೂ ನಗದಿದ್ದುದನ್ನು ನೋಡಿ ಸೈಕಲ್ ದೂಡುತ್ತ ಪಕ್ಕಕ್ಕೆ ಸರಿದ.

ಕಾರ್ಖಾನೆಯ ಸೈರನ್ನು, ಮಧ್ಯಾಹ್ನದ ಭೊಂಗಾ, ಕೂಗಿತು. ಊಟದ ಬಿಡುವಿಗೆ ಹೊರಬಂದ ಮಂದಿಯ ನಡುವೆ ಬಸಲಿಂಗಯ್ಯ ಕಂಡ. ಮೈ ತುಂಬಿಕೊಂಡಿದ್ದ, ತೋಳಿನ ಮೇಲೆ ಬಿದಿರಿನ ಪುಡಿ. ತಂದೆಯನ್ನು ಕಂಡು ಓಡಿಬಂದು ಕಾಲು ಮುಟ್ಟಿದ, ಎದ್ದು ಸಾತಪ್ಪನ ಎರಡೂ ಹೆಗಲು ಹಿಡಿದು ಅಲ್ಲಾಡಿಸಿದ.

"ಬಂದ್ಯೇನಲೇ! ಕಡೀಕೂ ದೇವರು ಹೂಂ ಅಂದನಲ್ಲ! ನೋಡ್ರಿ ಅಪ್ಪಾರ, ನಾ ದಿನಾ ಬೇಡಿಕೋತಿದ್ದೆ, ಇವಂಗೊಂದು ದಾರಿ ತೋರಸು ಅಂತ."

ಸಾತಪ್ಪ ಅಡಿವೆಯ್ಯನ ಮುಖ ನೋಡಿದ. ತಾನು ಹೇಳುವುದಿಲ್ಲ, ನೀವೇ ಹೇಳಬೇಕು ಅನ್ನುವುದು ಆ ನೋಟದಲ್ಲಿತ್ತು. ಬಿಟ್ಟುಬಿಡಿ ಎನ್ನುವ ಕರುಣೆ ಮಾತ್ರ ಇರಲಿಲ್ಲ.

"ಬಸಲಿಂಗಾ, ಇಲ್ಲಿ ಕುಂಡ್ರು," ಎಂದ ಅಡಿವೆಯ್ಯ.

ಗೋಣಿಮರದ ಕೆಳಗೆ ಕೂತು ಹೇಳಿದ. ಹೊಲದ ಸುದ್ದಿಯಿಂದ ಶುರುಮಾಡಲು ಹೋದ. ಅದು ತನ್ನನ್ನು ಕಾಪಾಡಿಕೊಳ್ಳುವ ಮಾತು ಅನ್ನಿಸಿ ಅಲ್ಲಿಗೇ ಬಿಟ್ಟ. ಎಸಳು ಹಿಡಿದ ಬೆರಳಿನಿಂದಲೇ ಶುರುಮಾಡಿದ. ಬಸಲಿಂಗಯ್ಯ ಮುರಿದ ರೊಟ್ಟಿಯ ತುಂಡನ್ನು ಬಾಯಿಗೆ ಇಡಲೂ ಇಲ್ಲ, ಕೆಳಗೆ ಹಾಕಲೂ ಇಲ್ಲ. ಮಾತು ಮುಗಿದ ಮೇಲೆ ಸಾತಪ್ಪನನ್ನು ಕೇಳಿದ.

"ನಿನಗ ಗೊತ್ತಿತ್ತೇನು?"

"ನಿನ್ನಿ ಗೊತ್ತಾತು."

"ನಿನ್ನ ಕಿವಿ…"

"ಅದು ಜ್ವರದಾಗ ಹೋತು. ನೀ ಕಸಗೊಂಡಿಲ್ಲ."

ಬಸಲಿಂಗಯ್ಯ ತನ್ನ ಅಂಗಿಯ ಎದೆಯ ಮೇಲಿದ್ದ ಕಾರ್ಖಾನೆಯ ಬಿಲ್ಲೆಯನ್ನು ಮುಟ್ಟಿ ನೋಡಿಕೊಂಡ. ಮೂರು ವರ್ಷ ದೇವರ ಪ್ರಸಾದದಂತೆ ಧರಿಸಿದ್ದ ಬಿಲ್ಲೆ. ಅದನ್ನು ಕಿತ್ತು ಎಸೆಯುತ್ತಾನೋ ಎಂದು ಅಡಿವೆಯ್ಯನಿಗೆ ಅನ್ನಿಸಿತು. ಎಸೆಯಲಿಲ್ಲ. ಕಿತ್ತಿದ್ದರೂ ತಡೆಯುವ ಬಾಯಿ ತನಗಿಲ್ಲ ಎಂದು ತಿಳಿದಿತ್ತು.

"ನನಗ ಏನ್ ಮಾಡಬೇಕೋ ತಿಳಿವಲ್ದು ಅಪ್ಪಾರ," ಎಂದ ಮಗ. ಅವನ ಕಣ್ಣುಗಳು ತುಂಬಿದ್ದವು. "ನಿಮ್ಮ ಮುಖ ನೋಡಾಕ ಆಗವಲ್ದು."

"ನೋಡಬ್ಯಾಡ."

ಭೊಂಗಾ ಮತ್ತೆ ಕೂಗಿತು. ಬಸಲಿಂಗಯ್ಯ ಎದ್ದ. ಹೋಗುವಾಗ ಎಂದಿನಂತೆ ಕಾಲು ಮುಟ್ಟಲು ಬಗ್ಗಿದವನು ಅರ್ಧಕ್ಕೇ ನಿಂತು, ಹಾಗೆಯೇ ನೆಟ್ಟಗಾದ. "ಸಂಜಿಗೆ ಬರ್ತೇನಿ," ಎಂದ. ಯಾರಿಗೆ ಹೇಳಿದನೋ, ತಂದೆಗೋ ಸಾತಪ್ಪನಿಗೋ ತಿಳಿಯಲಿಲ್ಲ. ಗೇಟು ಮುಚ್ಚಿತು. ಸಾತಪ್ಪ ಮಜೀದನ ಶೆಡ್ಡಿನ ಕಡೆ ಹೊರಟ. ನಾಲ್ಕು ಮಾರು ಹೋಗಿ, ತಿರುಗಿ ಬಂದು, ತನ್ನ ಗಂಟಿನಲ್ಲಿದ್ದ ತಂಬಿಗೆಗೆ ನೀರು ತುಂಬಿಸಿ ಮರದ ಕೆಳಗಿಟ್ಟು ಹೋದ.

ಅಡಿವೆಯ್ಯ ಒಬ್ಬನೇ ಉಳಿದ. ಸಂಜೆ ಮಗ ಬರುತ್ತಾನೋ, ಬಂದರೆ ಮನೆಗೆ ಕರೆಯುತ್ತಾನೋ, ಕೆಲಸ ಬಿಡುತ್ತಾನೋ, ನಾಳೆ ಊರಿನವರು ತನ್ನನ್ನು ಗುಡಿಯೊಳಗೆ ಬಿಡುತ್ತಾರೋ, ಯಾವುದೂ ತಿಳಿಯುವಂತಿರಲಿಲ್ಲ. ಮೂರು ವರ್ಷದ ಹಿಂದೆ ಇದೇ ತಿಳಿಯದಿರುವುದಕ್ಕೆ ಅಂಜಿದ್ದ. ಈಗಲೂ ಅಂಜಿಕೆ ಇತ್ತು, ನಾಚಿಕೆ ಅದಕ್ಕಿಂತ ಹೆಚ್ಚಾಗಿತ್ತು. ತಗ್ಗಿಸಿದ ತಲೆಯನ್ನು ಎತ್ತಲಾಗದೆ, ತಗ್ಗಿಸಿಯೇ ಕೈ ಜೋಡಿಸಿದ. ಬೇಡಿಕೊಳ್ಳಲು ಎಷ್ಟೋ ಮಾತುಗಳು ಬಾಯಿಯವರೆಗೆ ಬಂದವು. ಒಂದನ್ನೂ ಆಡದೆ, ನೀರು ಕುಡಿದು, ಸಂಜೆಯ ಭೊಂಗಾಕ್ಕಾಗಿ ಕಾಯುತ್ತ ಕೂತ.